‘ಸಸ್’ ಅಂದರೆ ಏನು? ಎಲ್ಲಿ ಬಳಸಬಹುದು, ಎಲ್ಲಿ ಬೇಡ?

ಗೇಮ್ ಆಡುವಾಗ ಯಾರೋ ನಿಮಗೆ ‘ಯು ಆರ್ ಸಸ್’ ಎಂದು ಬರೆದರು, ಅದು ಬೈಗುಳವಾ ತಮಾಷೆಯಾ ಅಂತ ಕೇಳಿದ್ದೀರಿ. ಆಫೀಸಿನ ಮೆಸೇಜಿನಲ್ಲಿ ಬಳಸಬಹುದಾ ಅಂತಲೂ ಕೇಳಿದ್ದೀರಿ.

ಬೈಗುಳ ಅಲ್ಲ. ‘ನಿಮ್ಮ ಮೇಲೆ ಯಾಕೋ ಡೌಟು’ ಅಂತ ಅಷ್ಟೇ. ಆ ‘ಯಾಕೋ’ ಇದೆಯಲ್ಲ, ಅದರಲ್ಲೇ ಎಲ್ಲ ಇದೆ. ಪುರಾವೆ ಕೈಯಲ್ಲಿದ್ದರೆ ಜನ ನೇರವಾಗಿ ಕಳ್ಳ, ಮೋಸಗಾರ ಅಂದುಬಿಡುತ್ತಾರೆ. ಪುರಾವೆ ಇಲ್ಲ, ಆದರೂ ಏನೋ ಸರಿಯಿಲ್ಲ ಅನ್ನಿಸಿದಾಗ ‘ಸಸ್’ ಬರುತ್ತದೆ. ಉಚ್ಚಾರ ಬಸ್ ಅಂದ ಹಾಗೆಯೇ.

ಸಸ್ಪಿಷಸ್, ಸಸ್ಪೆಕ್ಟ್ ಎರಡರಲ್ಲಿ ಯಾವುದನ್ನು ಕತ್ತರಿಸಿದರೂ ಮೊದಲ ತುಂಡು ಸಸ್. ಆದರೆ ಸುಮ್ನೆ ಮೊಟಕು ಮಾಡಿದ್ದಲ್ಲ ಇದು. ಸಬ್‌ಟೈಟಲ್ ಬರೆಯುವುದು ನನ್ನ ಕೆಲಸ, ಅಲ್ಲಿ ಈ ವ್ಯತ್ಯಾಸ ಆಗಾಗ ಎದುರಾಗುತ್ತದೆ. ‘ಹಿ ಈಸ್ ಸಸ್ಪಿಷಸ್’ ಅಂದರೆ ಎರಡು ಅರ್ಥ: ಅವನಿಗೆ ಯಾರ ಮೇಲೋ ಅನುಮಾನ ಇದೆ, ಇಲ್ಲವೇ ಅವನ ಮೇಲೆಯೇ ನಮಗೆ ಅನುಮಾನ. ಹಿಂದೆಮುಂದೆ ನೋಡದೆ ಯಾವುದೆಂದು ಹೇಳುವ ಹಾಗಿಲ್ಲ. ‘ಹಿ ಈಸ್ ಸಸ್’ ಅಂದರೆ ಸಾಮಾನ್ಯವಾಗಿ ಎರಡನೆಯದೇ. ಉದ್ದದ ಪದಕ್ಕಿಂತ ಗಿಡ್ಡ ಪದವೇ ಇಲ್ಲಿ ಹೆಚ್ಚು ಸ್ಪಷ್ಟ. ನನಗೆ ಇದರಲ್ಲಿ ಇಷ್ಟವಾದದ್ದೂ ಅದೇ.

ಇದನ್ನು ಈಗಿನ ಹುಡುಗರು ಹುಟ್ಟಿಸಿದರು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅಲ್ಲ. ಬ್ರಿಟನ್ನಿನ ಪೊಲೀಸರ ಆಡುಮಾತಿನಲ್ಲಿ 1930ರ ದಶಕದಲ್ಲೇ ಇತ್ತು. ಅಲ್ಲಿ 1824ರ ಅಲೆಮಾರಿ ಕಾಯ್ದೆಯ ಒಂದು ಸೆಕ್ಷನ್‌ಗೆ ಜನ ಇಟ್ಟ ಹೆಸರೇ ‘ಸಸ್ ಲಾ’. ಅಪರಾಧ ಮಾಡುವ ಉದ್ದೇಶದಿಂದ ಬೀದಿಯಲ್ಲಿ ಸುಳಿದಾಡುತ್ತಿದ್ದಾನೆ ಎಂಬ ಅನುಮಾನ ಬಂದರೆ ಸಾಕು, ಪೊಲೀಸರು ಹಿಡಿಯಬಹುದಿತ್ತು. ಕಳ್ಳತನ ನಡೆದಿರಬೇಕಿಲ್ಲ, ಕಳೆದುಕೊಂಡವರು ಬಂದು ಹೇಳಬೇಕಿಲ್ಲ, ಪೊಲೀಸರ ಸಾಕ್ಷಿಯೇ ಸಾಕಾಗುತ್ತಿತ್ತು. 1970ರ ದಶಕದಲ್ಲಿ ಇದಕ್ಕೆ ಜಾಸ್ತಿ ಸಿಕ್ಕಿಬಿದ್ದವರು ಕಪ್ಪು ಯುವಕರು. 1981ರ ಏಪ್ರಿಲ್‌ನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಗಲಭೆ ಎದ್ದಿತು. ಬೀದಿಯಲ್ಲಿ ತಡೆದು ತಪಾಸಣೆ ಮಾಡುತ್ತಿದ್ದ ಪೊಲೀಸರ ಮೇಲಿನ ಸಿಟ್ಟು ಅದರ ಹಿಂದೆ ಇತ್ತು. ಅದೇ ವರ್ಷ ಪಾರ್ಲಿಮೆಂಟು ‘ಸಸ್ ಲಾ’ ತೆಗೆದುಹಾಕಿತು. ಆ ಕಾಲ ನೋಡಿದ ಬ್ರಿಟಿಷರ ಕಿವಿಗೆ ‘ಸಸ್’ ಅಷ್ಟೇನೂ ತಮಾಷೆಯ ಪದ ಅಲ್ಲ.

ಈಗ ಎಲ್ಲರ ಬಾಯಲ್ಲಿ ಓಡಾಡುತ್ತಿರುವುದು ‘ಅಮಾಂಗ್ ಅಸ್’ ಎಂಬ ಗೇಮಿನಿಂದ. ಬಂದದ್ದು 2018ರಲ್ಲಿ, ಎಲ್ಲೆಡೆ ಹಬ್ಬಿದ್ದು 2020ರಲ್ಲಿ, ಎಲ್ಲರೂ ಮನೆಯಲ್ಲಿ ಕೂತಿದ್ದಾಗ. ಆಟಗಾರರಲ್ಲಿ ಒಬ್ಬಿಬ್ಬರು ಗುಟ್ಟಾಗಿ ಉಳಿದವರನ್ನು ಕೊಲ್ಲುತ್ತಿರುತ್ತಾರೆ. ಹೆಣ ಕಂಡರೆ ಮೀಟಿಂಗ್. ಯಾರು ಮಾಡಿದ್ದು ಅಂತ ಚಾಟ್‌ನಲ್ಲಿ ವಾದ ಮಾಡಿ ವೋಟ್ ಹಾಕಬೇಕು. ಸಮಯ ಕಡಿಮೆ, ಪುರಾವೆ ಇನ್ನೂ ಕಡಿಮೆ. ಅಲ್ಲಿ ಕೂತು ಸಸ್ಪಿಷಸ್ ಅಂತ ಪೂರ್ತಿ ಟೈಪ್ ಮಾಡುವವರು ಯಾರು? ‘ರೆಡ್ ಸಸ್’ ಅಂದರೆ ಕೆಂಪು ಬಣ್ಣದವನ ಮೇಲೆ ಡೌಟು, ಮುಗಿಯಿತು. ‘ಸಸ್ಸಿ’ ಅನ್ನುವುದು ಇದನ್ನೇ ಎಳೆದು ಮಾಡಿದ ಕೋತಿಚೇಷ್ಟೆ. ಹದಿಮೂರು ದಾಟಿದವರಿಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ!

ಬಳಸುವ ವಿಷಯಕ್ಕೆ ಬಂದರೆ, ವಸ್ತುಗಳ ಮೇಲೆ ಧೈರ್ಯವಾಗಿ ಬಳಸಿ. ಗೊತ್ತಿಲ್ಲದ ಲಿಂಕ್ ಬಂದರೆ ‘ದಿಸ್ ಲಿಂಕ್ ಲುಕ್ಸ್ ಸಸ್’. ಫ್ರಿಜ್‌ನಲ್ಲಿಟ್ಟ ಹಾಲಿನ ವಾಸನೆ ಬೇರೆಯಾಗಿದ್ದರೆ ‘ದಿಸ್ ಮಿಲ್ಕ್ ಈಸ್ ಸಸ್’. ಹತ್ತಿರದ ಸಹೋದ್ಯೋಗಿಗೆ ಚಾಟ್‌ನಲ್ಲಿ ‘ಈ ನಂಬರುಗಳು ಯಾಕೋ ಸಸ್’ ಅಂದರೂ ತೊಂದರೆಯಿಲ್ಲ. ಆದರೆ ಅದೇ ವಿಷಯ ಮ್ಯಾನೇಜರಿಗೆ ಇಮೇಲ್ ಮಾಡುವಾಗ ಯಾವ ನಂಬರು, ಏನು ತಪ್ಪು ಅಂತ ಬರೆಯಲೇಬೇಕು. ‘ಸಸ್’ ಅಂದರೆ ಕಾರಣ ಹೇಳದೆ ತಪ್ಪಿಸಿಕೊಂಡ ಹಾಗೆ. ಮನುಷ್ಯರ ಬಗ್ಗೆಯಂತೂ ಆಫೀಸಿನಲ್ಲಿ ಬರೆಯಲೇಬೇಡಿ. ಮಾತಿನಲ್ಲಿ ನಗು ಕಾಣುತ್ತದೆ, ಬರಹದಲ್ಲಿ ಆರೋಪ ಮಾತ್ರ ಉಳಿಯುತ್ತದೆ. ಇನ್ನೊಂದು: ಅಮೆರಿಕದ ಕೆಲವು ಹುಡುಗರ ಗುಂಪುಗಳಲ್ಲಿ ಇದನ್ನು ‘ಇವನು ಗೇ ಇರಬೇಕು’ ಎಂದು ಚುಚ್ಚಲು ಬಳಸಿದ್ದೂ ಇದೆ. ಅಪರಿಚಿತರ ಮೇಲೆ ಬಳಸುವ ಮುಂಚೆ ಇದು ನೆನಪಿರಲಿ.

‘ಸಸ್ ಔಟ್’ ಕಂಡರೆ ಗೊಂದಲ ಮಾಡಿಕೊಳ್ಳಬೇಡಿ. ಅದು ಕ್ರಿಯಾಪದ, ಕೊನೆಗೆ ಎರಡು ಎಸ್ ಬರೆಯುತ್ತಾರೆ. ವಿಚಾರಿಸಿ, ಗಮನಿಸಿ ತಿಳಿದುಕೊಳ್ಳುವುದು ಎಂದರ್ಥ. ‘ಸಸ್ ಔಟ್ ದ ನ್ಯೂ ಬಾಸ್’ ಅಂದರೆ ಹೊಸ ಬಾಸ್ ಎಂಥವರು ಅಂತ ಪತ್ತೆ ಮಾಡು ಎಂದು. ಇದರಲ್ಲಿ ಅನುಮಾನ ಇರಲೇಬೇಕೆಂದಿಲ್ಲ. ಆಸ್ಟ್ರೇಲಿಯಾದವರು ಮಾತ್ರ ಅನುಮಾನದ ‘ಸಸ್’ ಅನ್ನೂ ಎರಡು ಎಸ್ ಹಾಕಿ ಬರೆಯುವುದುಂಟು. ಹಾಗಾಗಿ ಕಾಗುಣಿತ ನೋಡಿ ತೀರ್ಮಾನಿಸಬೇಡಿ, ಮುಂದೆ ‘ಔಟ್’ ಇದೆಯಾ ನೋಡಿ.