ಓಸ್ಲೊ–ಬರ್ಗೆನ್: ರಾತ್ರಿ ರೈಲೋ, ಬೆಳಗಿನ ರೈಲೋ?

ಪ್ರಶ್ನೆ: ಡಿಸೆಂಬರ್ ಮಧ್ಯದಲ್ಲಿ ಕಚೇರಿ ಕೆಲಸದ ಮೇಲೆ ನಾರ್ವೆಯ ಓಸ್ಲೊಗೆ ಹೋಗಲಿದ್ದೇನೆ. ಕೆಲಸ ಮುಗಿದ ಮೇಲೆ ಮೂರು ದಿನ ಬಿಡುವಿರುವುದರಿಂದ ರೈಲಿನಲ್ಲಿ ಬರ್ಗೆನ್ ನಗರ ನೋಡಿಬರುವ ಆಸೆಯಿದೆ. ರಾತ್ರಿ ರೈಲು ಹಿಡಿದರೆ ಹೋಟೆಲ್ ಖರ್ಚು ಉಳಿಯುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಇದು ಸರಿಯೇ? ದಾರಿಯಲ್ಲಿ ಫ್ಲಾಮ್ ಕಣಿವೆಯನ್ನೂ ನೋಡಬಹುದೇ?

ಉತ್ತರ: ಖರ್ಚು ಉಳಿಯುವುದೇನೋ ನಿಜ, ಆದರೆ ನೀವು ನೋಡಬೇಕೆಂದಿರುವ ದಾರಿಯೆಲ್ಲ ಕತ್ತಲಲ್ಲಿ ಕಳೆದುಹೋಗುತ್ತದೆ. ಡಿಸೆಂಬರ್ ಮಧ್ಯದಲ್ಲಿ ಓಸ್ಲೊದಲ್ಲಿ ಸೂರ್ಯ ಹುಟ್ಟುವುದೇ ಬೆಳಿಗ್ಗೆ 9 ಗಂಟೆ ದಾಟಿದ ಮೇಲೆ. ಮಧ್ಯಾಹ್ನ 3 ಗಂಟೆ ಕಳೆಯುತ್ತಿದ್ದಂತೆ ಮುಳುಗಿಬಿಡುತ್ತಾನೆ. ಪ್ರಯಾಣಕ್ಕೆ ಸುಮಾರು ಏಳು ಗಂಟೆ ಬೇಕು. ಆದ್ದರಿಂದ ಬೆಳಿಗ್ಗೆ 8ರ ಸುಮಾರಿಗೆ ಹೊರಡುವ ರೈಲನ್ನೇ ಆರಿಸಿಕೊಳ್ಳಿ. ಮೊದಲ ಒಂದು ಗಂಟೆ ಮಬ್ಬುಗತ್ತಲಿದ್ದರೂ ಅಷ್ಟೇನೂ ನಷ್ಟವಿಲ್ಲ, ಏಕೆಂದರೆ ದಾರಿಯ ನಿಜವಾದ ಸೊಗಸು ಎತ್ತರದ ಹಾರ್ಡಂಗರ್‌ವಿಡ್ಡ ಪ್ರಸ್ಥಭೂಮಿಯಲ್ಲಿದೆ ಮತ್ತು ರೈಲು ಅಲ್ಲಿಗೆ ಏರುವುದು ನಡುಹಗಲಿನ ಆಸುಪಾಸಿನಲ್ಲಿ.

1909ರಲ್ಲಿ ಆರಂಭವಾದ ಈ ಮಾರ್ಗದಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವ ನಿಲ್ದಾಣ ಫಿನ್ಸೆ, 1,222 ಮೀಟರ್. ಮರಗಳು ಮೊದಲು ಕುಳ್ಳಾಗುತ್ತವೆ, ಆಮೇಲೆ ವಿರಳವಾಗುತ್ತವೆ, ಕೊನೆಗೆ ಒಂದೂ ಕಾಣಿಸದೆ ಹಿಮ ಮತ್ತು ಆಕಾಶ ಮಾತ್ರ ಉಳಿಯುತ್ತವೆ. ಹಳಿಯ ಮೇಲೆ ಹಿಮ ರಾಶಿಬೀಳದಂತೆ ಕಟ್ಟಿರುವ ಮಾಡುಗಳೊಳಗೆ ರೈಲು ಹೊಕ್ಕಾಗಲೆಲ್ಲ ಕಿಟಕಿ ಕ್ಷಣಕಾಲ ಕಪ್ಪಾಗಿ, ಮತ್ತೆ ಕಣ್ಣು ಕುಕ್ಕುವಷ್ಟು ಬೆಳ್ಳಗಾಗುತ್ತದೆ. ಓಸ್ಲೊದಿಂದ ಹೋಗುವಾಗ ರೈಲು ಸಾಗುವ ದಿಕ್ಕಿಗೆ ಎಡಬದಿಯ ಕಿಟಕಿ ಸಿಕ್ಕರೆ, ಮೋಡವಿಲ್ಲದ ದಿನ ಫಿನ್ಸೆಯ ದಕ್ಷಿಣಕ್ಕಿರುವ ಹಾರ್ಡಂಗರ್‌ಯೋಕುಲೆನ್ ಹಿಮನದಿಯೂ ಕಾಣಿಸುತ್ತದೆ.

ಫ್ಲಾಮ್‌ಗೆ ಮಿರ್ದಾಲ್ ನಿಲ್ದಾಣದಲ್ಲಿ ರೈಲು ಬದಲಿಸಬೇಕು. ಸುಮಾರು 20 ಕಿಲೋಮೀಟರ್ ದೂರದಲ್ಲಿ 860 ಮೀಟರಿಗೂ ಹೆಚ್ಚು ಇಳಿಯುವ ಆ ಮಾರ್ಗ ಅದ್ಭುತವೇ ಸರಿ. ಆದರೆ ನೀವು ಕೆಳಗೆ ತಲುಪುವಷ್ಟರಲ್ಲಿ ಹಗಲು ಮುಗಿಯುತ್ತಾ ಬಂದಿರುತ್ತದೆ, ಮರಳಿ ಹತ್ತುವುದು ಪೂರ್ತಿ ಕತ್ತಲಲ್ಲಿ. ಅಲ್ಲೊಂದು ರಾತ್ರಿ ತಂಗುವುದಿಲ್ಲವೆಂದರೆ ಈ ಸಲ ಫ್ಲಾಮ್ ಕೈಬಿಡುವುದೇ ಲೇಸು. ಪ್ರವಾಸವನ್ನು ಫೆಬ್ರವರಿ ಕೊನೆಗೆ ಮುಂದೂಡಲು ಸಾಧ್ಯವಿದ್ದರೆ ಮಾತೇ ಬೇರೆ: ಆಗ ಹಿಮವೂ ಇರುತ್ತದೆ, ಹಗಲೂ ಸಾಕಷ್ಟು ಉದ್ದವಾಗಿರುತ್ತದೆ.

ಬರ್ಗೆನ್‌ಗೆ ಒಂದು ಪೂರ್ತಿ ದಿನ ಸಾಕು. ಬಂದರಿನ ಅಂಚಿನಲ್ಲಿರುವ ಬ್ರಿಗೆನ್‌ನ ಮರದ ಮನೆಗಳು 1979ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಅವುಗಳ ಮುಂಭಾಗದ ಫೋಟೊ ತೆಗೆದು ಹಿಂತಿರುಗದೆ, ನಡುವಿನ ಇಕ್ಕಟ್ಟಾದ ಓಣಿಗಳೊಳಗೂ ನಡೆದುನೋಡಿ. ಮಳೆ ನಿಂತ ಕೂಡಲೇ ಬೇರೆಲ್ಲ ಬಿಟ್ಟು, ಕೇಬಲ್ ಎಳೆಯುವ ರೈಲಿನಲ್ಲಿ ಫ್ಲೋಯೆನ್ ಗುಡ್ಡ ಹತ್ತಿ. ಸಮುದ್ರದ ಬೆಚ್ಚನೆಯ ಗಾಳಿಯಿಂದಾಗಿ ಅಲ್ಲಿ ಚಳಿಗಾಲದಲ್ಲೂ ಹಿಮಕ್ಕಿಂತ ಮಳೆಯೇ ಹೆಚ್ಚು, ಆದ್ದರಿಂದ ದಪ್ಪ ಕೋಟಿನ ಜೊತೆಗೆ ನೀರು ಇಳಿಯದ ಮೇಲಂಗಿಯೂ ಬೂಟೂ ಇರಲಿ.

ಮರಳುವಾಗಲೂ ಬೆಳಗಿನ ರೈಲನ್ನೇ ಹಿಡಿಯಿರಿ. ಹಿಮಬಿರುಗಾಳಿ ಎದ್ದರೆ ಪ್ರಸ್ಥಭೂಮಿಯ ಮೇಲೆ ಸಂಚಾರ ನಿಲ್ಲುವುದುಂಟು; ಹಾಗಾಗಿ ಓಸ್ಲೊದಿಂದ ಮನೆಗೆ ಹೊರಡುವ ವಿಮಾನದ ಟಿಕೆಟನ್ನು ಅದೇ ಸಂಜೆಗೆ ಕಾದಿರಿಸದೆ ಮರುದಿನಕ್ಕೆ ಇಟ್ಟುಕೊಳ್ಳಿ.