ಎಂಎಸ್‌ಗೆ ಹೊರಟವರ ಪ್ರಶ್ನೆಗಳು: ಕ್ಯಾಂಪಸ್ ಕೆಲಸ, ವಾರಕ್ಕೆ 20 ಗಂಟೆ

ಪ್ರಶ್ನೆ: ಮಗಳು ಆಗಸ್ಟ್‌ನಲ್ಲಿ ಎಂಎಸ್ ಓದಲು ಅಮೆರಿಕಕ್ಕೆ ಹೊರಟಿದ್ದಾಳೆ. ಕ್ಯಾಂಪಸ್‌ನಲ್ಲೇ ಕೆಲಸ ಮಾಡಿ ಫೀಸು ಕಟ್ಟಿಕೊಳ್ಳುತ್ತೇನೆ, ಸಾಲ ಬೇಡ ಅನ್ನುತ್ತಾಳೆ. ಆಗುತ್ತದೆಯೇ?
– ದಾವಣಗೆರೆಯ ಓದುಗರು

ಉತ್ತರ: ಫೀಸಿಗೆ ಸಾಲದು. ದಿನಸಿ, ಫೋನ್ ಬಿಲ್ಲು, ಬಾಡಿಗೆಯಲ್ಲಿ ಒಂದು ಪಾಲು ಹೊರಡುತ್ತದೆ, ಅಷ್ಟೇ. ಎಫ್-1 (ವಿದ್ಯಾರ್ಥಿ) ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಗಂಟೆಗೆ 12 ಡಾಲರ್ ಎಂದುಕೊಳ್ಳಿ: ವಾರಕ್ಕೆ 240. ಸೆಮಿಸ್ಟರಿನ 15 ವಾರ ಒಂದು ಶಿಫ್ಟೂ ತಪ್ಪಿಸದಿದ್ದರೆ 3,600, ಅದೂ ತೆರಿಗೆ ಹಿಡಿಯುವ ಮುಂಚೆ. ವೀಸಾಕ್ಕೆ ಬೇಕಾದ ಐ-20 ಪತ್ರ ಕೊಡುವ ಮೊದಲು ವಿಶ್ವವಿದ್ಯಾಲಯ ಕೇಳುವುದು ಮೊದಲ ವರ್ಷದ ಖರ್ಚಿಗೆ ಈಗಾಗಲೇ ಇರುವ ದುಡ್ಡನ್ನು. ಮುಂದೆ ಸಿಗಬಹುದಾದ ಪಾರ್ಟ್‌ಟೈಮ್ ಕೆಲಸ ಆ ಲೆಕ್ಕಕ್ಕೆ ಬರುವುದಿಲ್ಲ.

ಫೀಸು ಮನ್ನಾ ಆಗುವ ದಾರಿ ಟಿಎ (ಬೋಧನಾ ಸಹಾಯಕ), ಆರ್‌ಎ (ಸಂಶೋಧನಾ ಸಹಾಯಕ) ಹುದ್ದೆಗಳದ್ದು. ಅವು ಹೆಚ್ಚಾಗಿ ಪಿಎಚ್‌ಡಿಯವರಿಗೆ ಹೋಗುತ್ತವೆ. ಎಂಎಸ್‌ನವರು ಮೊದಲ ಸೆಮಿಸ್ಟರಿನಲ್ಲಿ ಒಂದು ಕೋರ್ಸನ್ನು ಚೆನ್ನಾಗಿ ಮಾಡಿ, ಅದರ ಪ್ರೊಫೆಸರರನ್ನೇ ಮುಂದಿನ ಸಲಕ್ಕೆ ಗ್ರೇಡರ್ (ಉತ್ತರಪತ್ರಿಕೆ ತಿದ್ದುವ) ಕೆಲಸ ಕೇಳುವುದು ಫಲ ಕೊಡುವ ಕ್ರಮ. ಮುಖ ಕಾಣದ ಐವತ್ತು ಪ್ರೊಫೆಸರರಿಗೆ ಒಂದೇ ಇಮೇಲ್ ಕಳಿಸುವುದು ವ್ಯರ್ಥ.

ಪ್ರಶ್ನೆ: ಹೋದ ಕೂಡಲೇ ಕೆಲಸ ಹಿಡಿಯಲು ಏನು ಮಾಡಬೇಕು? ಸೋಷಿಯಲ್ ಸೆಕ್ಯುರಿಟಿ ನಂಬರ್ ಮೊದಲೋ, ಕೆಲಸ ಮೊದಲೋ?
– ಹಾಸನದ ವಿದ್ಯಾರ್ಥಿ

ಉತ್ತರ: ಕೆಲಸ ಮೊದಲು. ಸಂಬಳ, ತೆರಿಗೆಯ ಲೆಕ್ಕಕ್ಕೆ ಬಳಸುವ ಆ ಸರ್ಕಾರಿ ನಂಬರನ್ನು ಕೆಲಸವಿಲ್ಲದೆ ಎಫ್-1ನವರಿಗೆ ಕೊಡುವುದಿಲ್ಲ.

ವಿಶ್ವವಿದ್ಯಾಲಯದ ಇಮೇಲ್ ಐಡಿ ಬಂದ ದಿನವೇ, ಊರಲ್ಲಿದ್ದುಕೊಂಡೇ, ಅವರ ಜಾಬ್ ಪೋರ್ಟಲ್ ತೆರೆಯಿರಿ. ಬಹಳ ಕಡೆ ಆ ಪೋರ್ಟಲಿನ ಹೆಸರು ಹ್ಯಾಂಡ್‌ಶೇಕ್. 'ವರ್ಕ್-ಸ್ಟಡಿ' ಕಡ್ಡಾಯ ಎಂದಿರುವ ಹುದ್ದೆಗಳನ್ನು ಬಿಟ್ಟುಬಿಡಿ. ಅದು ಫೆಡರಲ್ ಸರ್ಕಾರದ ನೆರವು, ನಮ್ಮವರಿಗೆ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಇಪ್ಪತ್ತು ಅರ್ಜಿ ಹಾಕಿ ಒಂದಕ್ಕೂ ಉತ್ತರ ಬರಲಿಲ್ಲ ಎಂದು ಕೊರಗುವವರಿದ್ದಾರೆ. ಸೆಮಿಸ್ಟರ್ ಶುರುವಿನಲ್ಲಿ ಹೊಸಬರನ್ನು ಬೇಗ ತೆಗೆದುಕೊಳ್ಳುವುದು ಡೈನಿಂಗ್ ಹಾಲ್. ಪಾತ್ರೆ ತೊಳೆಯುವ ಬೆಲ್ಟ್ ಮುಂದೆ ನಾಲ್ಕು ಗಂಟೆ ನಿಲ್ಲಬೇಕು, ಆದರೆ ಎಷ್ಟೋ ಕಡೆ ಶಿಫ್ಟಿನ ದಿನ ಊಟ ಅಲ್ಲೇ. ಲೈಬ್ರರಿ ಕೌಂಟರಿನಲ್ಲಿ ಕೂತು ಓದಿಕೊಳ್ಳಬಹುದು. ಆದ್ದರಿಂದಲೇ ಆ ಜಾಗ ಬೇಗ ತೆರವಾಗುವುದಿಲ್ಲ.

ಕೆಲಸ ಸಿಕ್ಕಿತೆಂದರೆ ಎರಡು ಪತ್ರ ಬೇಕು. ಒಂದು ಕೆಲಸ ಕೊಟ್ಟವರದು: ಕೆಲಸ ಏನು, ಎಂದಿನಿಂದ, ವಾರಕ್ಕೆ ಎಷ್ಟು ಗಂಟೆ, ಮೇಲ್ವಿಚಾರಕರ ಹೆಸರು, ಫೋನ್ ನಂಬರ್ ಅದರಲ್ಲಿರಬೇಕು. ಇನ್ನೊಂದು ವಿಶ್ವವಿದ್ಯಾಲಯದ ಇಂಟರ್‌ನ್ಯಾಷನಲ್ ಆಫೀಸಿನದು. ಸೋಷಿಯಲ್ ಸೆಕ್ಯುರಿಟಿ ಆಫೀಸಿಗೆ ಇವೆರಡರ ಜತೆ ಪಾಸ್‌ಪೋರ್ಟ್, ಐ-94 (ದೇಶದೊಳಗೆ ಬಂದ ದಾಖಲೆ), ಐ-20, ಎಸ್‌ಎಸ್-5 ಅರ್ಜಿ. ಎಲ್ಲ ಮೂಲಪ್ರತಿಗಳೇ ಆಗಬೇಕು, ಜೆರಾಕ್ಸ್ ನಡೆಯುವುದಿಲ್ಲ. ವಿಮಾನ ಇಳಿದ ಮರುದಿನವೇ ಆ ಆಫೀಸಿಗೆ ಓಡಬೇಡಿ. ನೀವು ದೇಶದೊಳಗೆ ಬಂದದ್ದು, ಕಾಲೇಜಿಗೆ ವರದಿಯಾದದ್ದು ಅವರ ಕಂಪ್ಯೂಟರಿನಲ್ಲಿ ಕಾಣಿಸಿಕೊಳ್ಳಲು ಸಮಯ ಬೇಕು. ಕಾಣದಿದ್ದರೆ ಅರ್ಜಿ ಪರಿಶೀಲನೆಗೆ ಹೋಗಿ ವಾರಗಟ್ಟಲೆ ಕೂರುತ್ತದೆ. ಹತ್ತು ದಿನ ಕಾಯಿರಿ. ಅರ್ಜಿ ಹಾಕಿದ್ದರೆ ನಂಬರ್ ಬರುವ ಮೊದಲೇ ಕೆಲಸ ಶುರು ಮಾಡಲು ಕಾನೂನಿನ ಅಡ್ಡಿಯಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಇಡೀ ಹೆಸರು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಬರುತ್ತದೆ. ಆಮೇಲೆ ಬ್ಯಾಂಕು, ಸಂಬಳದ ವಿಭಾಗ ಎಲ್ಲೆಲ್ಲೂ ಅದೇ ತಕರಾರು. ಇನಿಷಿಯಲ್ ಬಿಡಿಸಿ, ತಂದೆಯ ಹೆಸರೋ ಊರಿನ ಹೆಸರೋ ಸರ್‌ನೇಮ್ ಮಾಡಿಸಿ ಪಾಸ್‌ಪೋರ್ಟ್ ಮರುವಿತರಣೆ ಪಡೆಯುವುದಿದ್ದರೆ, ಕಾಲೇಜಿಗೆ ಅರ್ಜಿ ಹಾಕುವ ಮುನ್ನ ಮಾಡಿ.

ಪ್ರಶ್ನೆ: ಲೈಬ್ರರಿಯಲ್ಲಿ 12, ಕೆಫೆಯಲ್ಲಿ 8 ಗಂಟೆ ಇದೆ. ಗೆಳೆಯನ ಶಿಫ್ಟ್ ಒಂದನ್ನು ಮಾಡಿಕೊಡಬಹುದೇ?
– ಟೆಕ್ಸಾಸ್‌ನಿಂದ ಓದುಗ

ಉತ್ತರ: ಬೇಡ. ಎಲ್ಲ ಕೆಲಸ ಸೇರಿಸಿ 20, ಮತ್ತು ಅದು ಸರಾಸರಿಯಲ್ಲ. ಹೋದ ವಾರ 15 ಮಾಡಿದ್ದೆ, ಈ ವಾರ 25 ಅನ್ನುವಂತಿಲ್ಲ. ಪರೀಕ್ಷೆಯ ವಾರ 'ಮಚ್ಚಾ, ಇವತ್ತೊಂದಿನ ನೋಡ್ಕೋ' ಎಂದು ಶಿಫ್ಟ್ ಬದಲಿಸಿಕೊಂಡವರೇ ಹೆಚ್ಚಾಗಿ ಟೈಮ್‌ಶೀಟಿನಲ್ಲಿ ಸಿಕ್ಕಿಬೀಳುತ್ತಾರೆ. ರಜೆಯಲ್ಲಿ ಪೂರ್ಣಾವಧಿ ದುಡಿಯಬಹುದು, ಮುಂದಿನ ಸೆಮಿಸ್ಟರಿಗೆ ಓದು ಮುಂದುವರಿಸುವವರಾದರೆ.

ಪ್ರಶ್ನೆ: ಪೆಟ್ರೋಲ್ ಬಂಕಿನಲ್ಲಿ ನಗದು ಕೊಡುತ್ತಾರಂತೆ?
– ಹೆಸರು ಬೇಡ

ಉತ್ತರ: ಕೊಡುತ್ತಾರೆ. ಆದರೆ ಅದು ಅನಧಿಕೃತ ಕೆಲಸ. ಎಫ್-1 ಸ್ಥಾನಮಾನ ತಪ್ಪಿದ ವಿದ್ಯಾರ್ಥಿಗೆ ಅದನ್ನು ಮರಳಿ ಪಡೆಯಲು ಇರುವ 'ರೀಇನ್‌ಸ್ಟೇಟ್‌ಮೆಂಟ್' ಅರ್ಜಿಯ ಷರತ್ತುಗಳಲ್ಲೇ ಒಂದು, ಅನಧಿಕೃತ ಕೆಲಸ ಮಾಡಿರಬಾರದು ಎಂಬುದು. ಬೇರೆ ತಪ್ಪಿಗಿರುವ ದಾರಿ ಇದಕ್ಕಿಲ್ಲ.

ಪ್ರಶ್ನೆ: ಮೊದಲ ಸಂಬಳದಲ್ಲೇ 18 ಡಾಲರ್ ಚಿಲ್ಲರೆ 'ಫೈಕಾ' ಎಂದು ಹಿಡಿದಿದ್ದಾರೆ. ಸರಿಯೇ?
– ಓಹಾಯೊದಿಂದ ಓದುಗರು

ಉತ್ತರ: ಸರಿಯಲ್ಲ. ಫೈಕಾ ಎಂದರೆ ಸಂಬಳದಲ್ಲಿ ಹಿಡಿಯುವ ಎರಡು ತೆರಿಗೆ: ಪಿಂಚಣಿ ಯೋಜನೆಯಾದ ಸೋಷಿಯಲ್ ಸೆಕ್ಯುರಿಟಿಗೆ ಶೇ 6.2, ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಶೇ 1.45, ಒಟ್ಟು ಶೇ 7.65, ವಾರದ 240 ಡಾಲರಿಗೆ 18.36. ಎಫ್-1ನವರಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಇದರಿಂದ ವಿನಾಯಿತಿ ಇದೆ. (ಡಿಸೆಂಬರ್ 30ಕ್ಕೆ ಬಂದಿಳಿದಿದ್ದರೂ ಅದು ಒಂದು ವರ್ಷವೇ.) ಸಂಬಳದ ವಿಭಾಗದವರು ನಿಮ್ಮನ್ನು ಅಲ್ಲಿನ ನಿವಾಸಿಯೆಂದು ನಮೂದಿಸಿರುತ್ತಾರೆ. ಮೊದಲು ಅವರನ್ನೇ ಕೇಳಿ, ಮುಂದಿನ ಪೇಸ್ಲಿಪ್ಪಿನಲ್ಲಿ ವಾಪಸ್ ಬರುತ್ತದೆ. ಕೊಡದಿದ್ದರೆ 843 ಮತ್ತು 8316 ನಮೂನೆಗಳನ್ನು ತುಂಬಿ ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಕಳಿಸಬೇಕು, ಪೇಸ್ಲಿಪ್ಪುಗಳನ್ನು ಎಸೆಯಬೇಡಿ.