ಪಿಪಿಇ ಪದವಿಗೆ ಅರ್ಜಿ ಹಾಕುವ ಮೊದಲು ತಯಾರಿ ಹೇಗೆ?

ರಾಜಕೀಯ, ತತ್ವಶಾಸ್ತ್ರ, ಅರ್ಥಶಾಸ್ತ್ರ ಮೂರನ್ನೂ ಒಟ್ಟಿಗೆ ಕಲಿಸುವ ಈ ಪದವಿ 1920ರ ಸುಮಾರಿಗೆ ಆಕ್ಸ್‌ಫರ್ಡ್‌ನಲ್ಲಿ ಶುರುವಾಯಿತು. ಪಿಯುಸಿಯಲ್ಲಿರುವ ನೀವು ಮೊದಲು ಒಂದೇ ವಿಷಯದ ಬೆನ್ನುಹತ್ತಿ. ಶಕ್ತಿ ಯೋಜನೆಯನ್ನೇ ತಗೊಳ್ಳಿ: 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಕಂಡಕ್ಟರ್ ಹರಿದುಕೊಡುವ ಶೂನ್ಯ ಟಿಕೆಟ್ಟಿನ ದುಡ್ಡನ್ನು ಸರ್ಕಾರ ಸಾರಿಗೆ ನಿಗಮಕ್ಕೆ ತುಂಬಿಕೊಡಬೇಕು. ಬಜೆಟ್‌ನಲ್ಲಿ ಆ ಮೊತ್ತ ಹುಡುಕಿ. ಅದು ಚುನಾವಣಾ ಭರವಸೆ ಆದದ್ದೇಕೆಂದು ಯೋಚಿಸಿ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಬೇರೆ: ಕೈತುಂಬ ಸಂಬಳದ ಅಧಿಕಾರಿಗೂ ಗಾರ್ಮೆಂಟ್ಸ್ ಕೆಲಸದಾಕೆಗೂ ಒಂದೇ ಸೌಲಭ್ಯ ಕೊಡುವುದು ನ್ಯಾಯವೇ? ನಿಮ್ಮ ವಾದ ಒಂದು ಪುಟ ಬರೆಯಿರಿ, ಆಮೇಲೆ ಅದನ್ನು ಒಪ್ಪದವರ ಪರವಾಗಿ ಅಷ್ಟೇ ಗಟ್ಟಿಯಾಗಿ ಇನ್ನೊಂದು ಪುಟ. ಗಣಿತವನ್ನಂತೂ ಬಿಡಲೇಬೇಡಿ, ಅರ್ಥಶಾಸ್ತ್ರಕ್ಕೆ ಅದು ಬೇಕೇ ಬೇಕು.